ಕಾವಲು ದೂತರು, ದೇವರ ಕಾಪಾಡುವಿಕೆ: ನನ್ನನ್ನು ಪದೇ ಪದೇ ಕೇಳಿದ ಪ್ರಶ್ನೆಗಳು

ಇಪ್ಪತ್ತು ವರ್ಷದಿಂದ ಹುಬ್ಬಳ್ಳಿಯಲ್ಲಿ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಹುಟ್ಟಿದ್ದು ಬೆಟಗೇರಿಯ ಸಿಎಸ್‌ಐ ಸಭೆಯ ಪ್ರೊಟೆಸ್ಟೆಂಟ್ ಮನೆಯಲ್ಲಿ, ಮದುವೆಯಾಗಿ ಬಂದದ್ದು ಕೇಶ್ವಾಪುರದ ಕ್ಯಾಥೊಲಿಕ್ ಮನೆಗೆ. ಹಾಗಾಗಿ ಎರಡೂ ಕಡೆಯವರು ನನ್ನನ್ನು ಹಿಡಿದು ನಿಲ್ಲಿಸಿ ಕೇಳುತ್ತಾರೆ. ಆರಾಧನೆ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವಾಗ, ಮನೆ ಪ್ರಾರ್ಥನೆಯಲ್ಲಿ ಚಹಾ ಕುಡಿಯುವಾಗ, ಕೆಲವೊಮ್ಮೆ ಆಸ್ಪತ್ರೆಯ ವರಾಂಡದಲ್ಲಿ. ಪತ್ರ ಬರೆದು ಕೇಳಿದವರೂ ಇದ್ದಾರೆ. ಅವೇ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಭೇದ ಇರುವ ಕಡೆ ಎರಡನ್ನೂ ಹೇಳಿದ್ದೇನೆ, ನನಗೆ ಯಾವುದು ಸರಿ ಅನಿಸುತ್ತದೆ ಅನ್ನೋದನ್ನೂ ಮುಚ್ಚಿಟ್ಟಿಲ್ಲ.

## ಮೊದಲು ಕೇಳುವ ಪ್ರಶ್ನೆಗಳು

ಕಾವಲು ದೂತ ಅಂದ್ರೆ ಯಾರು? ದೇವರಾ, ಮನುಷ್ಯನಾ?

ಎರಡೂ ಅಲ್ಲ. ದೇವರು ಉಂಟುಮಾಡಿದ, ನಮ್ಮ ಹಾಗೆ ಮೈ ಇಲ್ಲದ, ಬುದ್ಧಿಯೂ ಸ್ವಂತ ಮನಸ್ಸೂ ಇರುವ ಜೀವ. ಬೈಬಲ್ಲಿನ ಹೀಬ್ರೂ ಮಾತು ‘ಮಲಾಖ್’, ಗ್ರೀಕ್ ಮಾತು ‘ಆಂಗೆಲೊಸ್’. ಎರಡಕ್ಕೂ ಅರ್ಥ ಒಂದೇ, ಸುದ್ದಿ ಒಯ್ಯುವವನು. ‘ದೂತ’ ಅನ್ನೋದು ಮಾಡುವ ಕೆಲಸದ ಹೆಸರು, ಹುಟ್ಟುಗುಣದ ಹೆಸರಲ್ಲ ಅಂತ ಸಂತ ಅಗಸ್ಟೀನ್ ಬಹಳ ಹಿಂದೆಯೇ ಹೇಳಿದ್ದಾರೆ.

ಮಕ್ಕಳಿಗೆ ನಾನು ವಾಲೀಕಾರನ ಉದಾಹರಣೆ ಕೊಡುತ್ತೇನೆ. ನಮ್ಮ ಅಜ್ಜನ ಊರಲ್ಲಿ ವಾಲೀಕಾರ ಮನೆ ಬಾಗಿಲಿಗೆ ಬಂದ ಅಂದರೆ ಗೌಡರು ಕರೆದಿದ್ದಾರೆ ಅಂತ ಅರ್ಥ. ಅವನೇ ಸುದ್ದಿ ತರುತ್ತಿದ್ದ, ಅವನೇ ರಾತ್ರಿ ಕೋಲು ಹಿಡಿದು ಊರು ಸುತ್ತುತ್ತಿದ್ದ. ಆದರೆ ಅವನು ಗೌಡ ಅಲ್ಲ. ಅವನ ಮಾತಿಗೆ ಬೆಲೆ ಬರುತ್ತಿದ್ದದ್ದು ಕಳಿಸಿದವರಿಂದ. ದೂತರೂ ಹಾಗೇ. ಇಬ್ರಿಯರಿಗೆ ಬರೆದ ಪತ್ರದ ಒಂದನೇ ಅಧ್ಯಾಯದ ಕೊನೆಯಲ್ಲಿ ಅವರನ್ನು ಸೇವೆಗಾಗಿ ಕಳಿಸಲ್ಪಟ್ಟವರು ಅಂತಲೇ ಕರೆದಿದೆ.

ಒಬ್ಬೊಬ್ಬರಿಗೂ ಒಬ್ಬೊಬ್ಬ ದೂತ ಅಂತ ಇರ್ತಾನಾ?

ಇದರಲ್ಲಿ ನಮ್ಮ ಮನೆಯೊಳಗೇ ಎರಡು ಉತ್ತರ ಇದೆ.

ಕ್ಯಾಥೊಲಿಕ್ ಬೋಧನೆ ಹೌದು ಅನ್ನುತ್ತದೆ. ಪ್ರತಿ ವಿಶ್ವಾಸಿಯ ಪಕ್ಕದಲ್ಲಿ ಒಬ್ಬ ದೂತ ಕಾವಲುಗಾರನಾಗಿ, ಕುರುಬನಾಗಿ ನಿಂತಿರುತ್ತಾನೆ ಅಂತ ನಾಲ್ಕನೇ ಶತಮಾನದ ಸಂತ ಬೇಸಿಲ್ ಹೇಳಿದ ಮಾತನ್ನು ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥದ 336ನೇ ಪರಿಚ್ಛೇದ ಎತ್ತಿ ಹೇಳುತ್ತದೆ. ಅಕ್ಟೋಬರ್ 2 ಕಾವಲು ದೂತರ ಹಬ್ಬ. ನಮ್ಮ ಅತ್ತೆಯವರು ಆ ದಿನ ತಪ್ಪದೆ ಬೆಳಗಿನ ಪೂಜೆಗೆ ಹೋಗುತ್ತಾರೆ.

ಪ್ರೊಟೆಸ್ಟೆಂಟ್ ಕಡೆ ಮಾತು ಸ್ವಲ್ಪ ಬಿಗಿ. ಒಬ್ಬರಿಗೆ ಒಬ್ಬ ದೂತ ಅಂತ ಖಚಿತವಾಗಿ ಹೇಳಲು ತನಗೆ ಧೈರ್ಯ ಇಲ್ಲ ಅಂತ ಸಭಾ ಸುಧಾರಕ ಕ್ಯಾಲ್ವಿನ್ ಬರೆದರು. ಒಬ್ಬನಲ್ಲ, ಎಲ್ಲ ದೂತರೂ ಕೂಡಿ ನಮ್ಮನ್ನು ನೋಡಿಕೊಳ್ಳುತ್ತಾರೆ ಅನ್ನೋದು ಅವರ ವಾದ. ಇನ್ನೊಬ್ಬ ಸುಧಾರಕ ಲೂಥರ್ ಮಾತ್ರ 1529ರ ತಮ್ಮ ಚಿಕ್ಕ ಉಪದೇಶ ಪುಸ್ತಕದಲ್ಲಿ ಬೆಳಿಗ್ಗೆಗೂ ರಾತ್ರಿಗೂ ಒಂದೇ ಬೇಡಿಕೆ ಇಟ್ಟರು: ನಿನ್ನ ಪವಿತ್ರ ದೂತ ನನ್ನ ಸಂಗಡ ಇರಲಿ, ವೈರಿಗೆ ನನ್ನ ಮೇಲೆ ಅಧಿಕಾರ ಸಿಗದಿರಲಿ.

ಬೈಬಲ್‌ನಲ್ಲಿ ಎರಡು ಕಡೆ ಇದರ ಸುಳಿವಿದೆ. ಮತ್ತಾಯ 18:10ರಲ್ಲಿ ಯೇಸು ಚಿಕ್ಕವರನ್ನು ತೋರಿಸಿ, ಇವರ ದೂತರು ಪರಲೋಕದಲ್ಲಿ ನನ್ನ ತಂದೆಯ ಮುಖವನ್ನು ಯಾವಾಗಲೂ ನೋಡುತ್ತಿರುತ್ತಾರೆ ಅನ್ನುತ್ತಾನೆ. ಅಪೊಸ್ತಲರ ಕೃತ್ಯಗಳು 12:15ರಲ್ಲಿ, ಬಾಗಿಲು ತಟ್ಟಿದ್ದು ಪೇತ್ರನಲ್ಲ, ಅವನ ದೂತ ಇರಬೇಕು ಅಂತ ಒಳಗಿದ್ದವರು ಅನ್ನುತ್ತಾರೆ. ಲೆಕ್ಕ ಇಷ್ಟೇ ಅಂತ ಎರಡೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಎಷ್ಟು ಜನ ಅನ್ನೋದು ದೊಡ್ಡ ವಿಷಯ ಅಲ್ಲ. ಯಾವ ಮಗುವೂ ದೇವರ ಕಣ್ಣು ತಪ್ಪಿ ಹೋಗಿಲ್ಲ, ಅಲ್ವಾ, ಅದು ದೊಡ್ಡದು.

ಟೀಚರ್, ದೇವದೂತ್ರಿಗೆ ಖರೇನ ರೆಕ್ಕಿ ಇರ್ತಾವೇನ್ರೀ?

ಪ್ರತಿ ಡಿಸೆಂಬರ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಕ್ರಿಸ್ಮಸ್ ನಾಟಕಕ್ಕೆ ರಟ್ಟು ಕತ್ತರಿಸಿ, ಮೇಲೆ ಬೆಳ್ಳಿ ಕಾಗದ ಅಂಟಿಸಿ, ಎಲಾಸ್ಟಿಕ್ ಹಾಕಿ ಹೆಗಲಿಗೆ ಕಟ್ಟುತ್ತೇವೆ. ಎರಡನೇ ದೃಶ್ಯಕ್ಕೆ ಬರುವಷ್ಟರಲ್ಲಿ ಗಬ್ರಿಯೇಲನ ಒಂದು ರೆಕ್ಕೆ ಜೋತು ಬಿದ್ದಿರುತ್ತದೆ.

ಕೆಲವರಿಗೆ ರೆಕ್ಕೆ ಇವೆ. ಯೆಶಾಯನು ಕಂಡ ಸೆರಾಫಿಯರಿಗೆ ಆರಾರು ರೆಕ್ಕೆ: ಎರಡರಿಂದ ಮುಖ, ಎರಡರಿಂದ ಕಾಲು ಮುಚ್ಚಿಕೊಂಡು ಎರಡರಿಂದ ಹಾರುತ್ತಿದ್ದರು. ಯೆಹೆಜ್ಕೇಲನು ಕಂಡ ಜೀವಿಗಳಿಗೆ ನಾಲ್ಕು ರೆಕ್ಕೆ, ನಾಲ್ಕು ಮುಖ. ಆದರೆ ಜನರ ಮನೆಗೆ ಬಂದ ದೂತರು ಹಾಗೆ ಬರಲಿಲ್ಲ. ಅಬ್ರಹಾಮನು ಕಂಡದ್ದು ಬಿಸಿಲಿನಲ್ಲಿ ನಿಂತಿದ್ದ ಮೂವರು ದಾರಿಹೋಕರನ್ನು. ಅವನು ಕಾಲು ತೊಳೆಯಲು ನೀರು ಕೊಟ್ಟ, ಮರದ ನೆರಳಲ್ಲಿ ಕೂರಿಸಿ ಊಟ ಹಾಕಿದ.

ಚಿತ್ರಗಳಲ್ಲಿ ಕಾಣುವ ಗುಂಗುರು ಕೂದಲಿನ ದುಂಡು ಮಗು ಬೈಬಲ್‌ನಲ್ಲಿ ಎಲ್ಲೂ ಇಲ್ಲ. ದೂತರು ಬಂದಾಗ ಮತ್ತೆ ಮತ್ತೆ ಹೇಳುವ ಮಾತು ‘ಹೆದರಬೇಡ’. ನೋಡಿದವರಿಗೆ ಎದೆ ನಡುಗುತ್ತಿತ್ತು ಅಂತಾಯಿತು.

ನಮ್ಮ ಅಮ್ಮ ತೀರಿಕೊಂಡು ದೇವದೂತ ಆಗಿದ್ದಾರೆ ಅಂತ ಮಕ್ಕಳಿಗೆ ಹೇಳಬಹುದಾ?

ಬೇಡ. ಪ್ರೀತಿಯಿಂದ ಹೇಳುತ್ತೀರಿ, ಗೊತ್ತು. ಆದರೆ ಮನುಷ್ಯರು ಸತ್ತು ದೂತರಾಗುತ್ತಾರೆ ಅನ್ನೋದು ನಮ್ಮ ಎರಡೂ ಕಡೆಯ ಸಭೆಗಳ ಬೋಧನೆ ಅಲ್ಲ. ಪುನರುತ್ಥಾನದಲ್ಲಿ ದೂತರ ‘ಹಾಗೆ’ ಇರುತ್ತಾರೆ ಅಂತ ಯೇಸು ಹೇಳಿದ್ದು ಮದುವೆಯ ಪ್ರಶ್ನೆಗೆ ಉತ್ತರವಾಗಿ. ಅಜ್ಜಿ ಅಜ್ಜಿಯಾಗಿಯೇ ದೇವರ ಹತ್ತಿರ ಇದ್ದಾರೆ, ಮುಂದೆ ಮೈಸಮೇತ ಎದ್ದು ಬರುತ್ತಾರೆ ಅನ್ನೋದೇ ನಮ್ಮ ನಂಬಿಕೆ.

ಮಕ್ಕಳಿಗೆ ಹೇಳಲು ಲೂಕ 16ರಲ್ಲಿ ಒಳ್ಳೆಯ ಮಾತಿದೆ. ಬಾಗಿಲಲ್ಲಿ ಬಿದ್ದಿದ್ದ ಬಡ ಲಾಜರ ಸತ್ತಾಗ ದೂತರು ಅವನನ್ನು ಎತ್ತಿಕೊಂಡು ಹೋಗಿ ಅಬ್ರಹಾಮನ ಎದೆಗೆ ಸೇರಿಸಿದರು. ಬದುಕಿದ್ದಾಗ ನಾಯಿಗಳ ಹೊರತು ಯಾರೂ ಹತ್ತಿರ ಸುಳಿಯದಿದ್ದ ಮನುಷ್ಯ ಅವನು. ‘ಅಜ್ಜಿಯನ್ನು ದೂತರು ಕರೆದುಕೊಂಡು ಹೋದರು’ ಅನ್ನಿ. ಸಾಕು.

## ಮನೆ, ರಸ್ತೆ, ಆಸ್ಪತ್ರೆ

ಹೊಸ ಗಾಡಿ ಮೇಲೆ ಕೀರ್ತನೆ 91 ಬರೆಸಿದೀವಿ. ಇನ್ನ ಆಕ್ಸಿಡೆಂಟ್ ಆಗಂಗಿಲ್ಲ ಅಲ್ರೀ?

ಬರೆಸಿದ್ದು ಒಳ್ಳೆಯದೇ. ಆದರೆ ಒಂದು ವಿಷಯ ಗೊತ್ತಿರಲಿ. ನೀನು ಹೋಗುವಲ್ಲೆಲ್ಲ ಕಾಯಲು ದೂತರಿಗೆ ಹೇಳಿದ್ದಾನೆ, ಕಾಲು ಕಲ್ಲಿಗೆ ತಾಗದಂತೆ ಎತ್ತಿಕೊಳ್ಳುತ್ತಾರೆ ಅನ್ನುವ ಆ ವಚನಗಳನ್ನು ಹೊಸ ಒಡಂಬಡಿಕೆಯಲ್ಲಿ ಬಾಯಿಬಿಟ್ಟು ಹೇಳುವವನು ಸೈತಾನ! ಯೇಸುವನ್ನು ದೇವಾಲಯದ ತುದಿಗೆ ಕರೆದೊಯ್ದು, ಧುಮುಕು, ದೂತರು ಹಿಡಿಯುತ್ತಾರೆ ಅಂದ. ವಚನ ಸರಿಯಾಗಿಯೇ ಇತ್ತು. ಬಳಸಿದ ರೀತಿ ತಪ್ಪಿತ್ತು. ದೇವರನ್ನು ಪರೀಕ್ಷಿಸಬಾರದು ಅಂತ ಯೇಸು ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟ.

ಹೆಲ್ಮೆಟ್ ಬಿಟ್ಟು ಬೈಪಾಸ್‌ಗೆ ಹೋಗುವುದು, ನಿದ್ದೆಗಣ್ಣಲ್ಲಿ ಗಾಡಿ ಓಡಿಸುವುದು, ‘ದೇವರು ನೋಡ್ಕೋತಾನ’ ಅಂತ ಬ್ರೇಕ್ ಸರಿ ಮಾಡಿಸದೆ ಇರುವುದು, ಇದೆಲ್ಲ ಆ ತುದಿಯಿಂದ ಧುಮುಕಿದ ಹಾಗೇ. ಕೀರ್ತನೆ 91 ನಡೆಯುವವನಿಗೆ ಕೊಟ್ಟ ಮಾತು, ಹಾರುವವನಿಗಲ್ಲ. ಪ್ರಾರ್ಥನೆ ಮಾಡಿ, ಹೆಲ್ಮೆಟ್ ಹಾಕಿ, ಹಿಂದೆ ಕೂತವರಿಗೂ ಹಾಕಿಸಿ.

ಮಗೂಗೆ ದೃಷ್ಟಿ ತಾಗೇತಿ, ತಾಯಿತ ಕಟ್ಟಸು ಅಂತಾರ. ನಾವು ಕಟ್ಟಬಹುದಾ? ಶಿಲುಬೆ ಹಾಕಿದ್ರ ನಡಿತದಾ?

ತಾಯಿತ ಬೇಡ. ಕಟ್ಟಲು ಹೇಳಿದ ಓಣಿಯವರ ಮೇಲೆ ಸಿಟ್ಟೂ ಬೇಡ, ಮಗುವಿನ ಮೇಲಿನ ಮಮತೆಯಿಂದಲೇ ಹೇಳಿರುತ್ತಾರೆ. ಎರಡು ದಿನದಿಂದ ಹಾಲು ಕುಡಿಯದೆ ಅಳುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಶಿಲುಬೆ ಹಾಕಿ, ಆದರೆ ತಾಯಿತದ ಬದಲಿಗೆ ಅಂತ ಹಾಕಬೇಡಿ. ಹಾಗೆ ಹಾಕಿದರೆ ಅದೂ ತಾಯಿತವೇ. ಮೋಶೆ ಅಡವಿಯಲ್ಲಿ ಎತ್ತಿ ನಿಲ್ಲಿಸಿದ ತಾಮ್ರದ ಸರ್ಪ ದೇವರೇ ಮಾಡಿಸಿದ್ದು, ನಿಜವಾಗಿಯೂ ಜನರನ್ನು ಉಳಿಸಿದ್ದು. ಮುಂದೆ ಜನ ಅದಕ್ಕೇ ಧೂಪ ಹಾಕಲು ಶುರು ಮಾಡಿದಾಗ ಅರಸ ಹಿಜ್ಕೀಯ ಅದನ್ನು ಒಡೆಸಿ ಹಾಕಿದ. ಎರಡನೇ ಅರಸುಗಳು 18ರಲ್ಲಿ ಇದೆ, ಓದಿ ನೋಡಿ. ಕ್ಯಾಥೊಲಿಕ್ ಸಭೆ ಮಂತ್ರಿಸಿ ಕೊಡುವ ಪದಕ, ಜಪಮಾಲೆಗೂ ಇದೇ ಮಾತು: ಅವು ಪ್ರಾರ್ಥನೆಯನ್ನು ನೆನಪಿಸುವ ಗುರುತು, ತಾವಾಗಿಯೇ ಕೆಲಸ ಮಾಡುವ ಯಂತ್ರ ಅಲ್ಲ ಅಂತ ಅಲ್ಲಿನ ಬೋಧನೆಯೇ ಹೇಳುತ್ತದೆ.

ಮಕ್ಕಳು ರಾತ್ರಿ ಹೆದರ್ತಾರೆ. ಯಾವ ಪ್ರಾರ್ಥನೆ ಕಲಿಸಲಿ?

ಚಿಕ್ಕದು ಕಲಿಸಿ. ನಮ್ಮ ಮನೆಯಲ್ಲಿ ಹೇಳೋದು ಇಷ್ಟೇ: ‘ದೇವರೇ, ನೀನು ಎಚ್ಚರ ಇದೀಯ, ನಾನು ಮಲಗ್ತೀನಿ. ನಿನ್ನ ದೂತರು ನಮ್ಮ ಮನೆ ಕಾಯಲಿ. ಪಕ್ಕದ ಮನೆಯನ್ನೂ ಕಾಯಲಿ.’ ಕೊನೆಯ ಸಾಲನ್ನು ಸೇರಿಸಿದ್ದು ನನ್ನ ಮಗಳು, ಐದು ವರ್ಷದವಳಿದ್ದಾಗ. ಕೀರ್ತನೆ 121 ಕೂಡ ಒಳ್ಳೆಯದು. ಕಾಯುವವನು ತೂಕಡಿಸುವುದಿಲ್ಲ ಅನ್ನುವ ಸಾಲು ಮಕ್ಕಳಿಗೆ ತಟ್ಟನೆ ಹಿಡಿಸುತ್ತದೆ.

ಆಸ್ಪತ್ರೆಯಲ್ಲಿ ಯಾರೋ ಗುರುತಿಲ್ಲದವರು ರಕ್ತ ಕೊಟ್ಟು ಹೋಗಿಬಿಟ್ರು. ಹುಡುಕಿದ್ರೂ ಸಿಗಲಿಲ್ಲ. ಅವರು ದೇವದೂತ ಇರಬಹುದಾ?

ಇರಬಹುದು. ಬಹುಶಃ ಯಾರೋ ಪುಣ್ಯಾತ್ಮರು ಇರಬಹುದು, ಬಸ್ಸಿಗೆ ಹೊತ್ತಾಯಿತು ಅಂತ ಹೋಗಿರಬಹುದು. ಎರಡರಲ್ಲಿ ಯಾವುದಾದರೂ ಕಳಿಸಿದವನು ಒಬ್ಬನೇ. ಬೈಬಲ್‌ನ ‘ದೂತ’ ಅನ್ನುವ ಅದೇ ಮಾತನ್ನು ಮನುಷ್ಯರಿಗೂ ಬಳಸಿದ್ದಾರೆ. ಸ್ನಾನಿಕ ಯೋಹಾನನನ್ನು ಮಾರ್ಕನು ಅದೇ ಪದದಿಂದ ಕರೆಯುತ್ತಾನೆ.

ಇನ್ನೊಂದು ಗಮನಿಸಿ. ತಿಳಿಯದೆ ದೂತರನ್ನು ಉಪಚರಿಸಿದವರು ಇದ್ದಾರೆ ಅಂತ ಇಬ್ರಿಯ 13:2 ಹೇಳುವುದು ಅತಿಥಿಗಳನ್ನು ಮರೆಯಬೇಡಿ ಅನ್ನುವ ಮಾತಿನ ಜೊತೆ. ಅಲ್ಲಿ ಸಹಾಯ ಮಾಡುವವರು ನಾವು, ಬಾಗಿಲಿಗೆ ಬಂದು ನಿಂತವನು ದೂತ. ಗುಣವಾದ ಮೇಲೆ ವರ್ಷಕ್ಕೊಮ್ಮೆ ನೀವೂ ರಕ್ತ ಕೊಡಿ, ಹೆಸರು ಹೇಳದೆ ಬನ್ನಿ.

## ನೋವಿನಲ್ಲಿ ಕೇಳುವ ಪ್ರಶ್ನೆಗಳು

ಕಾಯೋ ದೂತ ಇದ್ದಾನ ಅಂದಮ್ಯಾಲೆ ನನ್ನ ಮಗ ಯಾಕ ಹೋದ, ಅಕ್ಕಾರ?

ಹಾವೇರಿಯ ಒಬ್ಬ ತಾಯಿ ನನ್ನ ಕೈ ಹಿಡಿದುಕೊಂಡು ಕೇಳಿದ್ದು. ನಾನು ಆ ಹೊತ್ತು ಉತ್ತರ ಕೊಡಲಿಲ್ಲ. ಅವರ ಪಕ್ಕ ಕೂತಿದ್ದೆ, ಅಷ್ಟೇ. ಈ ಪ್ರಶ್ನೆಗೆ ಕೂಡಲೇ ಉತ್ತರ ಕೊಡುವವರನ್ನು ನಂಬಬೇಡಿ.

ನಮ್ಮ ಮನೆಯಲ್ಲೂ ಇದು ಆಗಿದೆ. ನನ್ನ ತಮ್ಮನಿಗೆ ಇಪ್ಪತ್ನಾಲ್ಕು ವರ್ಷ. ಹಾವೇರಿಯಿಂದ ರಾತ್ರಿ ಬೈಕ್ ಮೇಲೆ ಬರುವಾಗ ಲಾರಿ ಗುದ್ದಿತು. ಹೆಲ್ಮೆಟ್ ಹಾಕಿದ್ದ, ಕುಡಿದಿರಲಿಲ್ಲ, ಜೋರಾಗಿಯೂ ಓಡಿಸುತ್ತಿರಲಿಲ್ಲ. ಅವ್ವ ಅವನು ಹೊರಟಾಗಲೆಲ್ಲ ಕೀರ್ತನೆ 91 ಓದುತ್ತಿದ್ದಳು. ಅಡುಗೆ ಮಾಡುತ್ತಲೇ ಪುಟ ತಿರುವುತ್ತಿದ್ದಳು, ಹಾಗಾಗಿ ಆ ಪುಟದ ಮೂಲೆಯಲ್ಲಿ ಅರಿಶಿನದ ಬೆರಳಚ್ಚು ಇದೆ. ಅವನು ಹೋದ ಮೇಲೆ ಬಹಳ ತಿಂಗಳು ಅವ್ವ ಬೈಬಲ್ ತೆರೆಯುತ್ತಿದ್ದಳು, ಆ ಪುಟ ಬಂದರೆ ಎರಡು ಹಾಳೆ ಸೇರಿಸಿ ತಿರುವಿಬಿಡುತ್ತಿದ್ದಳು. ನಾನು ನೋಡಿಯೂ ಸುಮ್ನೆ ಇರುತ್ತಿದ್ದೆ.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಪೊಸ್ತಲರ ಕೃತ್ಯಗಳು 12. ಸಂಡೇ ಸ್ಕೂಲಿನಲ್ಲಿ ನಾವು ಅದರ ಅರ್ಧ ಕಥೆ ಮಾತ್ರ ಹೇಳುತ್ತೇವೆ. ಪೇತ್ರ ಸೆರೆಮನೆಯಲ್ಲಿ, ಇಬ್ಬರು ಸಿಪಾಯಿಗಳ ನಡುವೆ, ಎರಡು ಸರಪಣಿ ಹಾಕಿಸಿಕೊಂಡು ಮಲಗಿದ್ದ. ದೂತ ಬಂದು ಪಕ್ಕೆಗೆ ತಟ್ಟಿ ಎಬ್ಬಿಸಿದ, ಸರಪಣಿ ಕಳಚಿ ಬಿತ್ತು, ಕಬ್ಬಿಣದ ಬಾಗಿಲು ತಾನಾಗಿಯೇ ತೆರೆಯಿತು. ಆದರೆ ಅದೇ ಅಧ್ಯಾಯದ ಎರಡನೇ ವಚನ ಏನು ಹೇಳುತ್ತದೆ? ಯೋಹಾನನ ಅಣ್ಣ ಯಾಕೋಬನನ್ನು ಹೆರೋದ ಕತ್ತಿಯಿಂದ ಕೊಲ್ಲಿಸಿದ. ಒಂದೇ ಸಾಲು. ದೂತ ಬಂದ ಅಂತ ಇಲ್ಲ, ಬಾಗಿಲು ತೆರೆಯಿತು ಅಂತ ಇಲ್ಲ. ಯಾಕೋಬನೂ ಪೇತ್ರನ ಹಾಗೆ ಬಲೆ ಬಿಟ್ಟು ಬಂದವನು. ಯಾಕೋಬ, ಯೋಹಾನರ ತಾಯಿ ಒಮ್ಮೆ ಯೇಸುವಿನ ಹತ್ತಿರ ಬಂದು, ನನ್ನ ಮಕ್ಕಳನ್ನು ನಿನ್ನ ಎಡಬಲಕ್ಕೆ ಕೂರಿಸಿಕೋ ಅಂತ ಬೇಡಿದ್ದಳು. ಆ ತಾಯಿ ಅಂದು ಏನು ಕೇಳಿರಬಹುದು ಅಂತ ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಈ ಪುಸ್ತಕ ಬರೆದ ಲೂಕನು ಯಾಕೆ ಅಂತ ಬರೆಯಲಿಲ್ಲ. ಪೇತ್ರನ ನಂಬಿಕೆ ಜಾಸ್ತಿ, ಯಾಕೋಬನದು ಕಮ್ಮಿ ಅಂತ ಬರೆಯಲಿಲ್ಲ. ಪೇತ್ರನೂ ಮುಂದೆ ರೋಮಿನಲ್ಲಿ ನೀರೋನ ಕಾಲದಲ್ಲಿ ಪ್ರಾಣ ಕೊಟ್ಟ ಅಂತ ಸಭೆಯ ಪರಂಪರೆ ಹೇಳುತ್ತದೆ. ಆ ಸಲ ಅವನ ಸರಪಣಿಯೂ ಬೀಳಲಿಲ್ಲ.

ಇನ್ನು ಗೆತ್ಸೇಮನೆ, ಯೇಸು ಸೆರೆಸಿಕ್ಕುವ ರಾತ್ರಿ ಪ್ರಾರ್ಥಿಸಿದ ತೋಟ. ಈ ಪಾತ್ರೆ, ಅಂದರೆ ಮುಂದಿದ್ದ ಕಷ್ಟ, ನನ್ನಿಂದ ತೊಲಗಲಿ ಅಂತ ಯೇಸು ಬೇಡಿದ. ದೂತ ಬಂದ, ಲೂಕ 22:43ರಲ್ಲಿ ಇದೆ. ಬಂದು ಪಾತ್ರೆ ತೆಗೆದುಕೊಂಡು ಹೋಗಲಿಲ್ಲ, ಬಲ ಕೊಟ್ಟ. ಅದಾದ ಮೇಲೂ ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತಿತ್ತು. ದೂತ ಪಕ್ಕದಲ್ಲಿ ಇದ್ದಾಗಲೇ ಹಾಗಾಯಿತು ಅನ್ನೋದನ್ನು ಮರೆಯಬೇಡಿ. ನನ್ನ ತಮ್ಮ ಆ ರಸ್ತೆಯಲ್ಲಿ ಒಬ್ಬನೇ ಇರಲಿಲ್ಲ ಅಂತ ನಾನು ನಂಬುತ್ತೇನೆ. ಯಾಕೆ ಹೋದ ಅನ್ನೋದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ನಿಮ್ಮ ಪಾಪಕ್ಕೇ ದೇವರು ಕೈ ಬಿಟ್ಟ ಅಂತ ಸಂಬಂಧಿಕರು ಹೇಳ್ತಿದ್ದಾರೆ. ಹೌದಾ?

ಇಲ್ಲ. ಇದನ್ನು ಯೇಸುವೇ ನೇರವಾಗಿ ಅಲ್ಲಗಳೆದಿದ್ದಾನೆ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ ಇಡೀ ಅವಳಿ ನಗರ ದಿನಗಟ್ಟಲೆ ಅದನ್ನೇ ನೋಡುತ್ತಾ ನಿಂತಿತ್ತು. ಎಷ್ಟೋ ಹೊತ್ತಿನ ಮೇಲೂ ಕೆಲವರು ಜೀವಂತ ಹೊರಬಂದರು, ಹಲವರು ಬರಲಿಲ್ಲ. ಯೇಸುವಿನ ಕಾಲದಲ್ಲೂ ಸಿಲೋವದಲ್ಲಿ ಒಂದು ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ, ಹಾಗಲ್ಲ ಅಂದ ಯೇಸು. ಹಾಗೆ ಹೇಳಿ, ಕೇಳುತ್ತಿದ್ದವರಿಗೇ ನೀವು ಮನಸ್ಸು ತಿರುಗಿಸಿಕೊಳ್ಳಿ ಅಂದ. ಸತ್ತವರ ಲೆಕ್ಕ ಹಾಕಲು ಕೂತವರಿಗೆ ಇದಕ್ಕಿಂತ ನೇರ ಮಾತು ಬೇಕಾಗಿಲ್ಲ. ನಿಮ್ಮ ಸಂಬಂಧಿಕರಿಗೆ ಲೂಕ 13 ಓದಲು ಹೇಳಿ. ನೀವು ಅವರ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಬೇಡಿ.

ಹಾಗಾದ್ರೆ ಕಾಪಾಡೋದು ಅಂದ್ರೆ ಏನು? ಏನೂ ಆಗದ ಹಾಗೆ ನೋಡ್ಕೊಳ್ಳೋದು ಅಲ್ವಾ?

ಕೆಲವು ಸಲ ಅದೇ. ಗುಹೆಗೆ ಹಾಕಿಸಿಕೊಂಡ ದಾನಿಯೇಲನ ಮುಂದೆ ಸಿಂಹಗಳ ಬಾಯಿ ಮುಚ್ಚಿತು. ನಮ್ಮಲ್ಲಿ ಎಷ್ಟೋ ಜನ ಕೂದಲೆಳೆಯಲ್ಲಿ ಉಳಿದವರಿದ್ದೇವೆ, ಅದಕ್ಕೆ ಸ್ತೋತ್ರ ಹೇಳಲೇಬೇಕು.

ಕೆಲವು ಸಲ ಅರ್ಧ ಉಳಿಯುತ್ತದೆ. ಪೌಲನ ಹಡಗು ಬಿರುಗಾಳಿಗೆ ಸಿಕ್ಕಾಗ ರಾತ್ರಿ ದೂತ ಬಂದು ಹೆದರಬೇಡ ಅಂದ. ಹಡಗಿನಲ್ಲಿದ್ದ 276 ಜನರೂ ಉಳಿದರು. ಹಡಗು ಉಳಿಯಲಿಲ್ಲ. ಈಜು ಬಂದವರು ಈಜಿದರು, ಬಾರದವರು ಹಲಗೆ ಹಿಡಿದು ದಡ ಸೇರಿದರು. ಅಷ್ಟೂ ಜನ ತೊಯ್ದು ನಡುಗುತ್ತಾ ದಡಕ್ಕೆ ಬಂದರು, ಅದನ್ನೂ ಬೈಬಲ್ ರಕ್ಷಣೆ ಅಂತಲೇ ಕರೆಯುತ್ತದೆ.

ಇನ್ನು ರಾಜನ ವಿಗ್ರಹಕ್ಕೆ ಅಡ್ಡಬೀಳದೆ ಬೆಂಕಿಗೆ ಹಾಕಿಸಿಕೊಂಡ ಶದ್ರಕ್, ಮೇಷಕ್, ಅಬೇದ್‌ನೆಗೋ. ನಮ್ಮ ದೇವರು ಬಿಡಿಸಬಲ್ಲ, ‘ಬಿಡಿಸದೆ ಇದ್ದರೂ’ ನಾವು ಅಡ್ಡಬೀಳುವುದಿಲ್ಲ ಅಂದರು ಅವರು ರಾಜನಿಗೆ. ಬೆಂಕಿ ಆರಲಿಲ್ಲ. ಒಳಗೆ ನಾಲ್ಕನೆಯವನು ಓಡಾಡುತ್ತಿದ್ದ. ನಂಬಿದವರಿಗೆ ಏನೂ ಆಗುವುದಿಲ್ಲ ಅಂತ ಯಾರಾದರೂ ಪ್ರಸಂಗ ಮಾಡಿದರೆ, ಈ ಮೂವರ ಆ ಅರ್ಧ ವಾಕ್ಯವನ್ನು ನೆನಪು ಮಾಡಿಕೊಳ್ಳಿ.

ಬದುಕೇ ಸಾಕು ಅನಿಸ್ತಿದೆ. ಇಂಥವರ ಹತ್ರ ದೂತ ಬರ್ತಾನಾ?

ಬರುತ್ತಾನೆ. ಇಂಥವರ ಹತ್ತಿರ ಬಂದದ್ದು ಬೈಬಲ್‌ನಲ್ಲಿ ಇದೆ.

ಪ್ರವಾದಿ ಎಲೀಯ ಓಡಿ ಓಡಿ ಸುಸ್ತಾಗಿ ಅಡವಿಯಲ್ಲಿ ಒಂದು ಗಿಡದ ಬುಡಕ್ಕೆ ಬಿದ್ದು, ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ ಅಂದ. ಮಲಗಿಬಿಟ್ಟ. ದೂತ ಬಂದು ಮುಟ್ಟಿ, ಎದ್ದು ಊಟ ಮಾಡು ಅಂದ. ನೋಡಿದರೆ ತಲೆಯ ಹತ್ತಿರ ಕೆಂಡದ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮುಟ್ಟಿ, ಇನ್ನೂ ತಿನ್ನು, ದಾರಿ ದೂರ ಇದೆ ಅಂದ. ಬೈಯಲಿಲ್ಲ. ಪ್ರವಾದಿಯಾಗಿ ಹೀಗೆ ಮಾತಾಡಬಹುದಾ ಅನ್ನಲಿಲ್ಲ. ಮಲಗಲು ಬಿಟ್ಟ. ಬೆಳಿಗ್ಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುವಾಗ, ಹಂಚಿನಿಂದ ತೆಗೆದು ಕೆಂಡಕ್ಕೆ ಆನಿಸಿದ ರೊಟ್ಟಿ ಉಬ್ಬುವಾಗ, ನನಗೆ ಈ ಕಥೆ ನೆನಪಾಗುತ್ತದೆ. ಸಾಯಬೇಕು ಅಂದವನಿಗೆ ದೇವರು ಮೊದಲು ಕಳಿಸಿದ್ದು ಬಿಸಿ ರೊಟ್ಟಿ.

ದಯವಿಟ್ಟು ಇವತ್ತೇ ಯಾರಿಗಾದರೂ ಹೇಳಿ. ಮನೆಯವರಿಗೆ, ಪಾಸ್ಟರಿಗೆ, ಫಾದರಿಗೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಡಾಕ್ಟರ ಹತ್ತಿರ ಹೋಗುವುದು ನಂಬಿಕೆ ಕಮ್ಮಿಯಾದ ಗುರುತಲ್ಲ. ಎಲೀಯನೂ ಕೊಟ್ಟ ರೊಟ್ಟಿಯನ್ನು ಬೇಡ ಅನ್ನಲಿಲ್ಲ.

## ಇನ್ನೂ ಒಳಗೆ ಇಳಿದು ಕೇಳುವವರಿಗೆ

ದೂತರಿಗೇ ನೇರವಾಗಿ ಪ್ರಾರ್ಥನೆ ಮಾಡಬಹುದಾ?

ಆರಾಧನೆ ಮಾಡಬಾರದು. ಇದರಲ್ಲಿ ಎಲ್ಲ ಸಭೆಗಳೂ ಒಂದೇ ಮಾತು. ಬೈಬಲ್‌ನ ಪ್ರಕಟನೆ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಯೋಹಾನನು ದೂತನ ಕಾಲಿಗೆ ಬೀಳಲು ಹೋದಾಗ ಅವನೇ ತಡೆದು, ಬೇಡ, ನಾನೂ ನಿನ್ನಂತೆ ಸೇವಕ, ದೇವರಿಗೆ ಅಡ್ಡಬೀಳು ಅಂದ. ಕೊಲೊಸ್ಸೆಯವರಿಗೆ ಪೌಲನೂ ಇದೇ ಎಚ್ಚರಿಕೆ ಕೊಟ್ಟಿದ್ದಾನೆ.

ಭೇದ ಬರುವುದು ಇಲ್ಲಿಂದ ಮುಂದೆ. ಕ್ಯಾಥೊಲಿಕರು ಕಾವಲು ದೂತನನ್ನು ಕರೆದು, ನನ್ನನ್ನು ಬೆಳಗು, ಕಾಯಿ, ನಡೆಸು ಅಂತ ಕೇಳಿಕೊಳ್ಳುತ್ತಾರೆ. ಅದು ಆರಾಧನೆ ಅಲ್ಲ, ಸಹಾಯ ಕೇಳುವುದು ಅಂತ ಅವರು ಗೆರೆ ಎಳೆಯುತ್ತಾರೆ. ಪ್ರೊಟೆಸ್ಟೆಂಟರು ಕೇಳುವುದನ್ನೂ ದೇವರನ್ನೇ ಕೇಳುತ್ತಾರೆ, ದೂತರನ್ನು ಕಳಿಸು ಅಂತ. ನಾನು ಬೆಳೆದದ್ದು ಎರಡನೆಯ ರೀತಿಯಲ್ಲಿ, ಹಾಗೇ ಮಾಡುತ್ತೇನೆ. ಅತ್ತೆಯವರ ಪ್ರಾರ್ಥನೆಗೆ ಆಮೆನ್ ಅನ್ನಲು ನನಗೆ ಯಾವತ್ತೂ ಬಾಯಿ ತಡೆದಿಲ್ಲ.

ಒಬ್ಬರು ಫೋನಲ್ಲಿ ಹುಟ್ಟಿದ ತಾರೀಖು ಕೇಳಿ ಕಾವಲು ದೂತನ ಹೆಸರು ಹೇಳ್ತಾರೆ, ಫೀಸ್ ತಗೋತಾರೆ. ಕೇಳಲಾ?

ಕೇಳಬೇಡಿ. ದುಡ್ಡೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ. ದೇವದೂತರಲ್ಲಿ ಕ್ಯಾಥೊಲಿಕ್ ಸಭೆ ಹೆಸರು ಹಿಡಿದು ಕರೆಯುವುದು ಮೂವರನ್ನು ಮಾತ್ರ: ಮಿಕಾಯೇಲ, ಗಬ್ರಿಯೇಲ, ರಫಾಯೇಲ. ಕ್ಯಾಥೊಲಿಕ್ ಪಂಚಾಂಗದಲ್ಲಿ ಸೆಪ್ಟೆಂಬರ್ 29 ಆ ಮೂವರ ಹಬ್ಬ. 745ರಲ್ಲೇ ರೋಮಿನ ಸಭೆ ಬೇರೆ ಹೆಸರುಗಳನ್ನು ಕರೆದು ಪ್ರಾರ್ಥಿಸುತ್ತಿದ್ದವನನ್ನು ಖಂಡಿಸಿತು. ದೂತರಿಗೆ ಹೆಸರಿಡುವ ರೂಢಿ ಬೇಡ ಅಂತ 2001ರಲ್ಲಿ ವ್ಯಾಟಿಕನ್ ಮತ್ತೆ ಹೇಳಿತು.

ಸಂಸೋನನ ತಂದೆ ಮಾನೋಹನು ಎದುರಿಗೆ ನಿಂತ ದೂತನನ್ನೇ ಹೆಸರು ಕೇಳಿದ್ದ. ನನ್ನ ಹೆಸರು ಯಾಕೆ ಕೇಳುತ್ತೀ ಅಂದುಬಿಟ್ಟ ದೂತ. ಮುಖಾಮುಖಿ ಬಂದವನೇ ಹೇಳದ ಹೆಸರು ಫೋನಿನವರಿಗೆ ಎಲ್ಲಿಂದ ಸಿಕ್ಕಿತು?

ಕನಸಿನಲ್ಲಿ ಬೆಳಕಿನ ದೂತ ಬಂದು ಕೆಲಸ ಬಿಡು ಅಂದ. ಬಿಡಲಾ?

ತಡೆಯಿರಿ. ಸೈತಾನನೂ ಬೆಳಕಿನ ದೂತನ ವೇಷ ಹಾಕುತ್ತಾನೆ ಅಂತ ಎರಡನೇ ಕೊರಿಂಥ 11:14 ಹೇಳುತ್ತದೆ. ಪರಲೋಕದ ದೂತನೇ ಬಂದು ಬೇರೆ ಸುವಾರ್ತೆ ಹೇಳಿದರೂ ಕೇಳಬೇಡಿ ಅಂತ ಪೌಲ ಗಲಾತ್ಯದವರಿಗೆ ಬರೆದ. ಬೆಳಕು ಕಂಡಿತು ಅನ್ನೋದು ಸಾಕ್ಷಿ ಅಲ್ಲ. ಆ ಮಾತು ದೇವರ ವಾಕ್ಯಕ್ಕೆ ಹೊಂದುತ್ತದಾ? ನಿಮ್ಮನ್ನು ದೊಡ್ಡವರನ್ನಾಗಿ ಮಾಡುತ್ತದಾ, ನಿಮ್ಮ ಪ್ರೀತಿಯನ್ನು ದೊಡ್ಡದು ಮಾಡುತ್ತದಾ? ಹೆಂಡತಿ ಮಕ್ಕಳ ಹತ್ತಿರ, ಅನುಭವ ಇರುವ ಹಿರಿಯರ ಹತ್ತಿರ ಬಾಯಿಬಿಟ್ಟು ಹೇಳಲು ಆಗುತ್ತದಾ? ಯಾರಿಗೂ ಹೇಳಬೇಡ ಅನ್ನುವ ಕನಸಿನ ಬಗ್ಗೆ ನನಗೆ ಭಯ ಜಾಸ್ತಿ.

ರಫಾಯೇಲನ ಕಥೆ ನಮ್ಮ ಬೈಬಲ್‌ನಲ್ಲಿ ಯಾಕಿಲ್ಲ?

ಅದು ತೋಬಿತನ ಪುಸ್ತಕದಲ್ಲಿದೆ. ಕ್ಯಾಥೊಲಿಕ್ ಬೈಬಲ್‌ನ 73 ಪುಸ್ತಕಗಳಲ್ಲಿ ಅದೂ ಒಂದು, ಪ್ರೊಟೆಸ್ಟೆಂಟ್ ಬೈಬಲ್‌ನ 66ರಲ್ಲಿ ಇಲ್ಲ. ಪುಸ್ತಕ ಯಾವ ಪಟ್ಟಿಯಲ್ಲಿದ್ದರೂ ಕಥೆ ಓದಲು ಅಡ್ಡಿಯಿಲ್ಲ. ಕುರುಡು ತಂದೆಯ ಮಗ ದೂರದ ಊರಿಗೆ ಹೊರಡುತ್ತಾನೆ, ಕೂಲಿಗೆ ಗೊತ್ತುಮಾಡಿದ ದಾರಿಯ ಜೊತೆಗಾರನೇ ರಫಾಯೇಲ. ಹಿಂದೆ ಮನೆಯ ನಾಯಿಯೂ ಹೋಗುತ್ತದೆ. ಕೊನೆಯವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಕ್ರೈಸ್ತರಲ್ಲದವರನ್ನೂ ದೂತರು ಕಾಯ್ತಾರಾ?

ನನ್ನ ನಂಬಿಕೆ ಹೌದು. ಆದಿಕಾಂಡದಲ್ಲಿ ದೂತನು ಹಾಗರಳನ್ನೂ ಹೆಸರು ಹಿಡಿದು ಕರೆದ. ಐಗುಪ್ತದ ದಾಸಿ, ಮನೆಯಿಂದ ಹೊರಗೆ ಹಾಕಿಸಿಕೊಂಡವಳು. ಚೀಲದ ನೀರು ಮುಗಿದು, ಮಗ ಸಾಯುವುದನ್ನು ನೋಡಲಾರೆ ಅಂತ ದೂರ ಹೋಗಿ ಕೂತಿದ್ದಳು. ಹಾಗರಳೇ, ಹೆದರಬೇಡ ಅಂತು ಆ ಧ್ವನಿ. ದೇವರು ಅವಳ ಕಣ್ಣು ತೆರೆದ, ಬಾವಿ ಕಂಡಿತು. ಕೊರ್ನೇಲ್ಯ ರೋಮನ್ ಸೈನ್ಯದ ಶತಾಧಿಪತಿ, ಅವನ ಮನೆಗೂ ದೂತ ಬಂದದ್ದು ಅವನು ದೀಕ್ಷಾಸ್ನಾನ ತೆಗೆದುಕೊಳ್ಳುವ ಮೊದಲು. ಮನುಷ್ಯನ ಬದುಕು ಶುರುವಿನಿಂದ ಸಾವಿನವರೆಗೆ ದೂತರ ಕಾವಲಿನಲ್ಲಿದೆ ಅಂತ ಕ್ಯಾಥೊಲಿಕ್ ಬೋಧನೆ ಹೇಳುವಾಗ ‘ಮನುಷ್ಯ’ ಅಂತಲೇ ಹೇಳುತ್ತದೆ.

ನಮ್ಮ ಓಣಿಯ ಮುಸ್ಲಿಂ ಮನೆಯವರಿಗೂ ಗಬ್ರಿಯೇಲ ಗೊತ್ತು, ಅವರು ಜಿಬ್ರೀಲ್ ಅನ್ನುತ್ತಾರೆ. ತಮ್ಮ ಹೋದ ರಾತ್ರಿ ಗ್ಯಾಸ್ ಒಲೆ ಹಚ್ಚಿ ನಮ್ಮ ಅವ್ವನಿಗೆ ಮೊದಲು ಚಹಾ ಕೊಟ್ಟವರು ಆ ಮನೆಯ ಖಾಲಾ.

ನನಗೆ ಯಾವತ್ತೂ ಏನೂ ಕಂಡಿಲ್ಲ, ಕನಸೂ ಬಿದ್ದಿಲ್ಲ. ನನ್ನ ನಂಬಿಕೆ ಕಮ್ಮಿನಾ?

ನನಗೂ ಕಂಡಿಲ್ಲ. ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ.

ಪ್ರವಾದಿ ಎಲೀಷನ ಸೇವಕ ಬೆಳಿಗ್ಗೆ ಎದ್ದು ನೋಡಿದಾಗ ಊರ ಸುತ್ತ ಶತ್ರುಗಳ ಕುದುರೆ, ರಥ. ಎಲೀಷ ಪ್ರಾರ್ಥಿಸಿದ ಮೇಲೆ ಅವನ ಕಣ್ಣು ತೆರೆಯಿತು, ಗುಡ್ಡದ ತುಂಬ ಬೆಂಕಿಯ ರಥಗಳು ಕಂಡವು. ಕಣ್ಣು ತೆರೆಯುವ ಮೊದಲೂ ಅವು ಅಲ್ಲೇ ಇದ್ದವು. ಸೇವಕನಿಗೆ ಕಂಡಿರಲಿಲ್ಲ, ಅಷ್ಟೇ.

ಪೇತ್ರನಿಗೂ ಸೆರೆಮನೆಯ ಆ ರಾತ್ರಿ ಹೀಗೇ ಆಯಿತು. ದೂತ ನಡ ಕಟ್ಟಿಕೋ, ಚಪ್ಪಲಿ ಮೆಟ್ಟಿಕೋ ಅಂದ, ಅವನು ಮೆಟ್ಟಿಕೊಂಡ. ಕನಸು ಅಂದುಕೊಂಡೇ ಹಿಂದೆ ನಡೆದ. ಮೊದಲನೇ ಕಾವಲು ದಾಟಿದರು, ಎರಡನೆಯದು ದಾಟಿದರು, ಕಬ್ಬಿಣದ ಬಾಗಿಲು ದಾಟಿ ಒಂದು ಬೀದಿಯ ಉದ್ದಕ್ಕೂ ನಡೆದರು. ನಿಜವಾಗಿ ನಡೆದದ್ದು ಏನು ಅಂತ ಅವನಿಗೆ ತಿಳಿದದ್ದು ಆಮೇಲೆ, ಬೀದಿಯಲ್ಲಿ ಒಬ್ಬನೇ ನಿಂತಾಗ. ಅಷ್ಟೊತ್ತಿಗೆ ದೂತ ಹೋಗಿಬಿಟ್ಟಿದ್ದ.